ಮಲಗುವ ಕೆಲಸಕ್ಕೆ ಹೋದ ಮನ್ಮಥಪ್ಪ

ಆ ಕೆಲಸದ ಸುದ್ದಿ ಮನ್ಮಥಪ್ಪನ ಕಿವಿಗೆ ಬಿದ್ದದ್ದು ಔರಂಗಾಬಾದಿನ ಹತ್ತಿ ಮಾರುಕಟ್ಟೆಯಲ್ಲಿ, ಮೂಟೆ ಇಳಿಸಿ ಬೆನ್ನು ಸವರಿಕೊಂಡು ಕೂತಿದ್ದಾಗ. ದೌಲತಾಬಾದ್ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಒಂದು ಸಂಶೋಧನಾ ಕೇಂದ್ರಕ್ಕೆ ಗಟ್ಟಿಮುಟ್ಟಾದ ಗಂಡಸರು ಬೇಕಂತೆ. ಮಾಂಸ ತಿನ್ನದವರಾಗಿರಬೇಕಂತೆ. ಮಾಡಬೇಕಾದ ಕೆಲಸವೆಂದರೆ ಮಲಗುವುದಂತೆ. ಹಮಾಲರೆಲ್ಲ ಬಿದ್ದು ಬಿದ್ದು ನಕ್ಕರು. ಮನೆಗೆ ಬಂದು ಹೇಳಿದರೆ ಹೆಂಡತಿ ನಾಗಮ್ಮನೂ ನಕ್ಕಳು.

"ಮಲಗಿದ್ದಕ್ಕ ಪಗಾರ ಕೊಡ್ತಾರಂದ್ರ ನಮ್ಮ ಮಾವನ್ನ ಕಳಸ್ರಿ. ಅವರಷ್ಟು ಚಂದ ಯಾರು ಮಲಗ್ತಾರ?"

ಆದರೂ ಮನ್ಮಥಪ್ಪ ಹೋದ. ಭಾಲ್ಕಿ ಕಡೆಯ ಹಳ್ಳಿ ಬಿಟ್ಟು ಬಂದಾಗಿನಿಂದ ದಿನಗೂಲಿಯೇ ಅವನ ಬದುಕಾಗಿತ್ತು. ನಾಗಮ್ಮ ಆಗ ಬಸುರಿ ಬೇರೆ.

ಕೇಂದ್ರದ ಡಾಕ್ಟರ್ ಸದಾನಂದ ಕಾರವಾರದವರು, ಕನ್ನಡ ಬಲ್ಲವರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಎರಡು ವರ್ಷ ಕಳೆದಿದ್ದ ಕಾಲ ಅದು. ಅವರು ಮನ್ಮಥಪ್ಪನನ್ನು ಎದುರಿಗೆ ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿದರು. ಬಾಹ್ಯಾಕಾಶದಲ್ಲಿ ಮೈಗೆ ಭಾರವೇ ಇರುವುದಿಲ್ಲ. ಕಾಲಿಗೆ ಕೆಲಸವಿಲ್ಲದೆ ಮೂಳೆ ಸವೆಯುತ್ತದೆ, ಮಾಂಸಖಂಡ ಸೊರಗುತ್ತದೆ, ರಕ್ತಕ್ಕೆ ಮೇಲೇರುವ ಅಭ್ಯಾಸ ತಪ್ಪುತ್ತದೆ. ಹಾಗಾಗಿ ಭೂಮಿಗೆ ಇಳಿದವನು ಎದ್ದು ನಿಂತರೆ ತಲೆ ಸುತ್ತಿ ಬೀಳುತ್ತಾನೆ. ಇದನ್ನು ಆಕಾಶಕ್ಕೆ ಹೋಗದೆ ನೋಡಬೇಕಾದರೆ ಒಂದೇ ದಾರಿ: ತಲೆಯ ಕಡೆ ಸ್ವಲ್ಪ ತಗ್ಗಾದ ಮಂಚದಲ್ಲಿ ಒಬ್ಬ ಆರೋಗ್ಯವಂತನನ್ನು ಒಂದೂವರೆ ತಿಂಗಳು ಮಲಗಿಸಿಡುವುದು. ಊಟ, ಸ್ನಾನ, ಶೌಚ ಎಲ್ಲ ಮಲಗಿದಲ್ಲೇ. ತಲೆ ಎತ್ತುವಂತಿಲ್ಲ. ಈ ತೊಂದರೆಯನ್ನು ತಡೆಯಬಹುದಾದ ಒಂದು ಗುಳಿಗೆ ಅವರ ಬಳಿ ಇತ್ತು. ಅದು ನಿಜಕ್ಕೂ ತಡೆಯುತ್ತದೆಯೇ ಎಂದು ನೋಡಬೇಕಿತ್ತು.

"ಒಂದು ಸಲವೂ ಏಳುವುದಿಲ್ಲ ಅಂತ ಮಾತು ಕೊಡ್ತೀಯಾ?"

"ಕೊಟ್ಟೀನ್ರಿ," ಅಂದ ಮನ್ಮಥಪ್ಪ. ಆ ಹೊತ್ತಿನಲ್ಲಿ ಅದು ಕಪಟವಿಲ್ಲದ ಮಾತೇ ಆಗಿತ್ತು.

ಮಾರನೆಯ ಬೆಳಗ್ಗೆಯೇ ಆ ಮಾತಿಗೆ ತೊಡಕು ಬಂತು. ಎಂಟು ವರ್ಷದವನಾಗಿದ್ದಾಗ ದೀಕ್ಷೆಯಾದಾಗಿನಿಂದ ಮನ್ಮಥಪ್ಪ ಇಷ್ಟಲಿಂಗದ ಪೂಜೆಯಾಗದೆ ಬಾಯಿಗೆ ನೀರು ಹಾಕಿದವನಲ್ಲ. ಮಲಗಿಕೊಂಡೇ ಎಡ ಅಂಗೈಯಲ್ಲಿ ಲಿಂಗವನ್ನು ಹಿಡಿದ. ಹನಿಸಿದ ನೀರು ಮೊಣಕೈಯಿಂದ ಇಳಿದು ಕಂಕುಳು ಸೇರಿತು. ಹಚ್ಚಿದ ವಿಭೂತಿ ಕಣ್ಣೊಳಗೆ ಉದುರಿತು. ಲಿಂಗದ ಮೇಲೆ ದೃಷ್ಟಿ ನೆಡೋಣವೆಂದರೆ ಸೂರಿನ ತಗಡು ಕಾಣುತ್ತಿತ್ತು. ಹೆಣ ಮಲಗಿದಂತೆ ಮಲಗಿ ಶಿವನನ್ನು ಎದೆಯ ಮೇಲೆ ಇಟ್ಟುಕೊಂಡೆನಲ್ಲ ಎಂದು ಅವನಿಗೆ ದಿನವಿಡೀ ಊಟ ಸೇರಲಿಲ್ಲ. ಮರುದಿನ ವಾರ್ಡಿನ ಕೆಲಸದವನಾದ ಹರಿದಾಸ ಚಹಾ ಕುಡಿಯಲು ಹೊರಗೆ ಹೋದ ಕೂಡಲೇ ಮನ್ಮಥಪ್ಪ ಎದ್ದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ.

ಪಕ್ಕದ ಮಂಚ ಆಗ ಖಾಲಿ ಇತ್ತು. ಸ್ವಲ್ಪ ದಿನ ಕಳೆದ ಮೇಲೆ ಅಲ್ಲಿಗೆ ದೇವದಾಸ ಬಂದ. ಕುಂದಾಪುರ ಕಡೆಯವನು. ನಾಶಿಕದ ಪಂಚವಟಿಯ ಹತ್ತಿರ ಮುದ್ದಣ್ಣನವರ ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲಾಯರ್. ಬಂದ ಮರುದಿನ ಬೆಳಗ್ಗೆ ಮನ್ಮಥಪ್ಪ ಎದ್ದು ಕೂತದ್ದನ್ನು ಕಂಡು ಅವನು ಕಣ್ಣರಳಿಸಿದ.

"ಎಂತ ಮಾರಾಯ್ರೆ, ಆಕಾಶದಲ್ಲಿದ್ದವರು ಇಷ್ಟು ಬೇಗ ಇಳಿದ್ರಾ?"

"ಪೂಜಾ ಅದ ದೇವದಾಸಣ್ಣ. ಯಾರಿಗೂ ಹೇಳಬ್ಯಾಡ್ರಿ."

"ದೇವರ ಕೆಲಸಕ್ಕೆ ಅಡ್ಡ ಬರುವವ ನಾನಲ್ಲ. ನೀವು ಕೂತ್ಕೊಳ್ಳಿ, ಬಾಗಿಲು ನಾನು ನೋಡ್ತೇನೆ."

ಅಂದಿನಿಂದ ಅದೇ ರೂಢಿಯಾಯಿತು. ಹರಿದಾಸನ ಚಪ್ಪಲಿಯ ಸದ್ದು ಕೇಳಿದರೆ ದೇವದಾಸ ಕೆಮ್ಮುತ್ತಿದ್ದ, ಮನ್ಮಥಪ್ಪ ಮಲಗುತ್ತಿದ್ದ. ದೇವದಾಸ ಮಾತ್ರ ತಲೆ ಎತ್ತಿದವನಲ್ಲ. "ಹೇಳಿದ ಕೆಲಸ ಹೇಳಿದ ಹಾಗೆ ಮಾಡಿಯೇ ನನಗೆ ಅಭ್ಯಾಸ," ಅನ್ನುತ್ತಿದ್ದ. ಮನ್ಮಥಪ್ಪನ ಭಾಷೆಯನ್ನು ಅಣಕಿಸುತ್ತಿದ್ದ, ಅವನನ್ನು 'ಅಪ್ಪನವರೇ' ಎಂದು ಕರೆಯುತ್ತಿದ್ದ. ಹೆಂಡತಿ ರಾಜೀವಿಯ ಸಾರಿನ ರುಚಿಯನ್ನು ವರ್ಣಿಸಿ ವರ್ಣಿಸಿ ಇಬ್ಬರ ಬಾಯಲ್ಲೂ ನೀರೂರಿಸುತ್ತಿದ್ದ.

ಮನ್ಮಥಪ್ಪನ ಅವಧಿ ಮುಗಿದ ದಿನ ಅವನನ್ನು ಎಬ್ಬಿಸಿ ನಿಲ್ಲಿಸಿದರು. ಹಿಡಿದುಕೊಳ್ಳಲು ಎರಡೂ ಕಡೆ ಜನ ನಿಂತಿದ್ದರು. ಯಾರನ್ನೂ ಹಿಡಿಯದೆ ಅವನು ಕಿಟಕಿಯ ತನಕ ನಡೆದ. ಡಾಕ್ಟರ್ ಸದಾನಂದರಿಗೆ ಸಂತೋಷ ತಡೆಯಲಾಗಲಿಲ್ಲ. "ಗುಳಿಗೆ ಗೆದ್ದಿತು!" ಎಂದು ಮನ್ಮಥಪ್ಪನ ಭುಜ ತಟ್ಟಿದರು. ಕೇಂದ್ರದಲ್ಲೇ ವಾರ್ಡಿನ ಆಳಾಗಿ ಕಾಯಂ ಕೆಲಸ ಕೊಡಿಸಿದರು. ನಾಗಮ್ಮ ಆ ಸಂಜೆ ಹೋಳಿಗೆ ಮಾಡಿದಳು.

ದೇವದಾಸನ ಮೈ ಒರೆಸುವುದು ಈಗ ಮನ್ಮಥಪ್ಪನ ಪಾಲಿಗೆ ಬಂತು. ಹಾಗೆ ಒರೆಸುವಾಗಲೇ ಅವನ ಮನಸ್ಸಿನಲ್ಲಿ ಹುಳ ಹೊಕ್ಕಿತು. ತಿಂದದ್ದು ಇಬ್ಬರೂ ಅದೇ ಗುಳಿಗೆ, ಉಂಡದ್ದು ಅದೇ ಊಟ. ಆದರೆ ದೇವದಾಸನ ಮೀನಖಂಡ ಹಿಂಡಿದ ಬಟ್ಟೆಯ ಹಾಗೆ ಜೋಲುಬಿದ್ದಿತ್ತು. ಮಗ್ಗುಲು ಹೊರಳಿಸಿದರೂ "ತಲೆ ತಿರುಗ್ತದೆ, ಮೆಲ್ಲಗೆ," ಅನ್ನುತ್ತಿದ್ದ. ಮನ್ಮಥಪ್ಪನಿಗೆ ಹಾಗೆ ಒಂದು ದಿನವೂ ಆಗಿರಲಿಲ್ಲ.

ಅಷ್ಟರಲ್ಲಿ ಡಾಕ್ಟರು ಹೊಸ ನಿರ್ಧಾರ ತಿಳಿಸಿದರು. ದೇವದಾಸ ಏಳುವ ದಿನ ಯಾರೂ ಅವನನ್ನು ಹಿಡಿಯಬಾರದು. "ಆಕಾಶದಿಂದ ನೌಕೆಯಲ್ಲಿ ಸಮುದ್ರಕ್ಕೆ ಇಳಿದವನ ಕೈ ಹಿಡಿಯಲು ಅಲ್ಲಿ ಯಾರಿರ್ತಾರೆ? ತಾನೇ ಏಳಬೇಕು, ತಾನೇ ಹೊರಗೆ ಬರಬೇಕು. ಮನ್ಮಥಪ್ಪ ನಿಂತಿಲ್ಲವಾ? ಇವನೂ ನಿಲ್ತಾನೆ."

ಆ ಮಧ್ಯಾಹ್ನ ಮನ್ಮಥಪ್ಪ ದೇವದಾಸನ ಮಂಚದ ಬಳಿ ಕುಕ್ಕರುಗಾಲಲ್ಲಿ ಕೂತು ಹೇಳಿದ:

"ನಾ ಡಾಕ್ಟರಿಗೆ ಹೇಳಿಬಿಡ್ತೀನಿ, ದೇವದಾಸಣ್ಣ."

"ಎಂತ ಹೇಳುದು?"

"ನಾ ದಿನಾ ಎದ್ದು ಕೂಡ್ತಿದ್ದೆ ಅಂತ. ನನ್ನ ನಿಲ್ಲಿಸಿದ್ದು ಗುಳಿಗಿ ಅಲ್ಲೇನೋ ಅನಸ್ತದ."

"ದೇವರ ಎದುರು ಒಂದಷ್ಟು ಹೊತ್ತು ಕೂತದ್ದಕ್ಕೆ ಕಾಲು ಗಟ್ಟಿ ಆಗ್ತದಾ? ಹಾಗಾದ್ರೆ ನಮ್ಮ ಊರಿನ ಭಟ್ರು ಚಂದ್ರನಿಗೆ ನಡ್ಕೊಂಡೇ ಹೋಗ್ಬಹುದು!"

ಮನ್ಮಥಪ್ಪ ನಗಲಿಲ್ಲ. ದೇವದಾಸ ದನಿ ತಗ್ಗಿಸಿದ. "ಮಾತು ತಪ್ಪಿದವ ಅಂತ ಇವತ್ತೇ ಹೊರಗೆ ಹಾಕ್ತಾರೆ. ನಿಮ್ಮ ಮನೆಯಲ್ಲಿ ನಾಗಮ್ಮಕ್ಕನಿಗೆ ದಿನ ತುಂಬಿದೆ. ಸುಮ್ಮನಿರಿ. ಹುಡುಗನಾಗಿದ್ದಾಗಿಂದ ಹೋಟೆಲಲ್ಲಿ ನಿಂತೇ ಬದುಕಿದವ ನಾನು. ನಿಲ್ಲುದು ನನಗೆ ಯಾರಾದ್ರೂ ಕಲಿಸ್ಬೇಕಾ?"

ಮನ್ಮಥಪ್ಪನಿಗೆ ಬೇಕಾಗಿದ್ದದ್ದೂ ಅದೇ ಮಾತು. ಬೇಡವೆಂದವನು ದೇವದಾಸನೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡ. ಆದರೆ ಆ ಸಮಾಧಾನ ಮನೆಯ ತನಕವೂ ಅವನ ಜೊತೆ ಬರಲಿಲ್ಲ.

ದೇವದಾಸ ಏಳುವ ದಿನ ಬೆಳಗ್ಗೆ ಡಾಕ್ಟರು, ಹರಿದಾಸ, ಮನ್ಮಥಪ್ಪ ಮೂವರೂ ಮಂಚದಿಂದ ದೂರ ನಿಂತರು. ಮನ್ಮಥಪ್ಪ, "ಸಾಹೇಬ್ರ..." ಅಂದ. ಡಾಕ್ಟರು ತಿರುಗಿ ನೋಡಿದರು. ಮಂಚದಿಂದ ದೇವದಾಸ ಅವನತ್ತ ನೋಡಿ ಬೇಡವೆಂಬಂತೆ ಹುಬ್ಬು ಗಂಟಿಕ್ಕಿದ. "ಏನು?" ಅಂದರು ಡಾಕ್ಟರು. "ಏನಿಲ್ರಿ," ಅಂದ ಮನ್ಮಥಪ್ಪ.

ದೇವದಾಸ ಎದ್ದ. ಮಂಚದ ಕಂಬಿ ಬಿಟ್ಟು ನೆಟ್ಟಗೆ ನಿಂತ. ಮನ್ಮಥಪ್ಪನ ಕಡೆ ನೋಡಿ, ಲೋಟಗಳನ್ನು ಸಾಲಾಗಿ ಜೋಡಿಸಿಕೊಂಡವನಂತೆ ಎಡಗೈ ಚಾಚಿ, "ಎರಡು ಕಾಫಿ, ಒಂದು ಮಸಾಲೆ!" ಎಂದು ಕೂಗಿದ. ಕೂಗು ಮುಗಿಯುವ ಮೊದಲೇ ಅವನ ತುಟಿ ಬಿಳಿಚಿತು. ಮನ್ಮಥಪ್ಪ ಓಡಿದ. ಆದರೆ ದೇವದಾಸ ಅಷ್ಟರಲ್ಲಿ ಸಿಮೆಂಟಿನ ನೆಲದ ಮೇಲೆ ಮಗ್ಗುಲಾಗಿ ಬಿದ್ದಾಗಿತ್ತು. ಒಣಕಟ್ಟಿಗೆ ಮುರಿದಂಥ ಸದ್ದು ಮೂವರಿಗೂ ಕೇಳಿಸಿತು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿದಿತ್ತು.

ಅವನನ್ನು ಆಸ್ಪತ್ರೆಗೆ ಸಾಗಿಸಿ ಬಂದ ಮೇಲೆ ಮನ್ಮಥಪ್ಪ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವರು ಬೈಯಲಿಲ್ಲ.

"ದಿನಾ ಎಷ್ಟು ಹೊತ್ತು ಕೂತಿರ್ತಿದ್ದೆ?"

"ಮನಸ್ಸು ನಿಲ್ಲೂ ತನಕ್ರಿ. ಹರಿದಾಸನ ಚಾ ಮುಗಿಯೂ ತನಕ."

ಡಾಕ್ಟರು ಖಾಲಿ ಮಂಚದ ಕಡೆ ತಿರುಗಿದರು. "ಕಾಲು ಇಳಿಬಿಟ್ಟು ಕೂತರೆ ರಕ್ತ ಕೆಳಗಿಳಿದು ಮೇಲೇರುವ ಅಭ್ಯಾಸ ಉಳೀತದೆ. ನೀನು ಹೇಳಿದ್ದರೆ ಅವನನ್ನೂ ದಿನಾ ಕೂರಿಸ್ತಿದ್ದೆ. ನಾನಾದರೂ ಒಂದು ಕೈ ಆಸರೆಗೆ ಇಡಬೇಕಿತ್ತು," ಅಂದರು. ಗುಳಿಗೆಯ ಪ್ರಯೋಗವನ್ನು ನಿಲ್ಲಿಸಿದರು. ಮನ್ಮಥಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಯಾವುದು ಹೋಗುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದನೋ ಅದು ಹೋಗಲೇ ಇಲ್ಲ. ತಿಂಗಳು ತಿಂಗಳು ಆ ಸಂಬಳ ಕೈಗೆ ಬಂದಾಗ ಅವನಿಗೆ ಮೈಯೆಲ್ಲ ಮುಳ್ಳು ಹೊಕ್ಕಂತಾಗುತ್ತಿತ್ತು.

ಸವೆದಿದ್ದ ಮೂಳೆ ಸರಿಯಾಗಿ ಕೂಡಲಿಲ್ಲ. ನಾಶಿಕಕ್ಕೆ ಮರಳಿದ ದೇವದಾಸನನ್ನು ಮುದ್ದಣ್ಣನವರು ಕೈಬಿಡದೆ, ಹೋಟೆಲಿನ ಹಿಂದಿನ ಕೋಣೆಯಲ್ಲಿ ಕಾಯಿ ತುರಿಯಲು ಕೂರಿಸಿದರು. ರಾಜೀವಿ ಅಲ್ಲೇ ಹಿಟ್ಟು ರುಬ್ಬುವ ಕೆಲಸಕ್ಕೆ ಸೇರಿದಳು. ಮನ್ಮಥಪ್ಪ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದ. ಹೋದಾಗಲೆಲ್ಲ ದೇವದಾಸ, "ಓ, ಅಪ್ಪನವರು ಬಂದ್ರು!" ಎಂದು ಕೋಲನ್ನು ಬದಿಗಿಟ್ಟು ಏಳುತ್ತಿದ್ದ. ಕೋಣೆಯಿಂದ ಹೋಟೆಲಿನ ಬಾಗಿಲ ತನಕ ನಡೆದು ತೋರಿಸುತ್ತಿದ್ದ. ಒಮ್ಮೆ ಕಾಫಿಯ ಲೋಟವನ್ನು ತಾನೇ ತಂದುಕೊಟ್ಟ. ಮನ್ಮಥಪ್ಪ ಎದೆಯ ಕಲ್ಲು ಅಷ್ಟಷ್ಟೇ ಇಳಿಸಿಕೊಂಡು ಮನೆಗೆ ಬಂದು, "ಸುಧಾರಿಸ್ಯಾನ," ಎಂದು ನಾಗಮ್ಮನಿಗೆ ಹೇಳುತ್ತಿದ್ದ.

ಒಂದು ಸಲ ಹೀಗೆ ನೋಡಿಕೊಂಡು ಹೊರಟಾಗ ರಾಜೀವಿ ಹಿಟ್ಟಿನ ಕೈಯಲ್ಲೇ ಬಸ್ ನಿಲ್ದಾಣದ ತನಕ ಹಿಂದೆಯೇ ಬಂದಳು.

"ಅಣ್ಣ, ಒಂದು ಮಾತು. ನೀವು ಇನ್ನು ಬರುದು ಬೇಡ."

ಮನ್ಮಥಪ್ಪನ ತಲೆ ತಾನಾಗಿ ಬಗ್ಗಿತು. "ತಪ್ಪಾಗ್ಯಾದವ್ವ. ನಾ ಅವತ್ತೇ ಹೇಳಬೇಕಿತ್ತು."

"ಅದು ನನಗೆ ಗೊತ್ತುಂಟು. ಅವರೇ ಹೇಳಿದ್ದಾರೆ. ಅದಕ್ಕಲ್ಲ." ಅವಳು ಹಿಟ್ಟು ಒಣಗಿದ ಬೆರಳುಗಳನ್ನು ಉಜ್ಜಿಕೊಂಡಳು. "ಬೇರೆ ದಿನ ಅವರು ಕೋಲಿಲ್ಲದೆ ಹೆಜ್ಜೆ ಇಡುದಿಲ್ಲ. ನೀವು ಬಂದ ದಿನ ಮಾತ್ರ ನಡೀತಾರೆ. ನಿಮ್ಮ ಮನಸ್ಸಿಗೆ ಹಿತ ಆಗ್ಲಿ ಅಂತ. ನೀವು ಬಸ್ಸು ಹತ್ತಿದ ಮೇಲೆ ನಾಲ್ಕು ದಿನ ನೋವಲ್ಲಿ ಒದ್ದಾಡ್ತಾರೆ. ಕಾಯಿ ತುರಿಯಲಿಕ್ಕೂ ಕೂರಲಿಕ್ಕೆ ಆಗುದಿಲ್ಲ. ಬರ್ಬೇಡಿ ಅಂತ ನಾನು ಹೇಳಿದ್ದು ಅವರಿಗೆ ಗೊತ್ತಾಗುದು ಬೇಡ."

ಔರಂಗಾಬಾದಿನ ಬಸ್ಸು ಬಂತು. ಮನ್ಮಥಪ್ಪ ಹತ್ತಿ ಕೂತ. ಅವಳು ಆಗಲೇ ಹೋಟೆಲಿನ ದಾರಿ ಹಿಡಿದಿದ್ದಳು.

ಮತ್ತೆಂದೂ ಅವನು ನಾಶಿಕಕ್ಕೆ ಹೋಗಲಿಲ್ಲ. ಆ ಕಡೆಯಿಂದ ಬಂದವರು ಸಿಕ್ಕರೆ ದೇವದಾಸನ ಸುದ್ದಿ ಕೇಳುತ್ತಿದ್ದ. ಕೇಂದ್ರದ ಲಾರಿ ಡ್ರೈವರನೊಬ್ಬ ಮುದ್ದಣ್ಣನವರ ಹೋಟೆಲಿನಲ್ಲಿ ತಿಂಡಿ ತಿಂದು ಬಂದವನು ಹೇಳಿದ: ಹಿಂದಿನ ಕೋಣೆಯಲ್ಲಿರುವ ಕುಂಟ ಔರಂಗಾಬಾದಿನ ಗಿರಾಕಿ ಯಾರೇ ಬಂದರೂ ಕರೆಸಿ ಕೇಳುತ್ತಾನಂತೆ. ಕೇಂದ್ರದ ಅಪ್ಪನವರಿಗೆ ನನ್ನ ಮೇಲೆ ಏನು ಸಿಟ್ಟು, ಕೇಳಿ ತಿಳಿಸ್ತೀರಾ ಎಂದು.

"ಏನಂತ ಹೇಳ್ಲಿ?" ಅಂದ ಡ್ರೈವರ.

ಮನ್ಮಥಪ್ಪ ರಾಜೀವಿಯ ಮಾತು ನೆನೆದ. "ಸಿಟ್ಟು ಅದ ಅಂತನ ಹೇಳ್ರಿ," ಅಂದ.