ಹೊಸ ಬಾಚಣಿಗೆಯಲ್ಲಿ ಸಿಕ್ಕ ಕೂದಲು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆರೆದರೆ ಗೇಲಿ ಮಾಡುತ್ತಿದ್ದವನು ನಾನು. ಮರಗೆಲಸದವನಿಗೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಇಷ್ಟೇ ನಿಜ. ಈಗ ಹೇಳಹೊರಟಿರುವುದು ಕಣ್ಣಿಗೂ ಕಂಡಿತು, ಕೈಗೂ ಸಿಕ್ಕಿತು. ಆದರೂ ಅದೇನೆಂದು ಇವತ್ತಿಗೂ ಗೊತ್ತಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಐವತ್ತರ ದಶಕದ ಮಾತು. ರಾಜಾಜಿನಗರ ಆಗಿನ್ನೂ ಹೊಸ ಬಡಾವಣೆ. ನನಗೆ ಕಾರ್ಖಾನೆಯೊಂದರ ಮರಗೆಲಸದ ಶೆಡ್ಡಿನಲ್ಲಿ ಕೆಲಸ. ಮದುವೆಯಾಗಿ ವರ್ಷ ತುಂಬುವುದರೊಳಗೆ ನನ್ನ ಹೆಂಡತಿ ಗೌರಿಗೆ ಟೈಫಾಯ್ಡ್ ಹಿಡಿಯಿತು. ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬ ಹೆಂಗಸಿರಲಿಲ್ಲ. ಅವಳ ಅಪ್ಪ ಬಂದು ಕೆಂಗೇರಿಗೆ ಕರೆದುಕೊಂಡು ಹೋದರು. ಜ್ವರ ಬಿಟ್ಟ ಸುದ್ದಿ ಬಂತು, ಅವಳು ಬರಲಿಲ್ಲ. ನಾನೇ ಬರುತ್ತೇನೆಂದರೆ, ಈಗಲೇ ಬರಬೇಡಿ ಎಂದು ಹೇಳಿ ಕಳಿಸಿದಳು. ಕಾರಣ ಹೇಳಲಿಲ್ಲ. ಅಕ್ಕಪಕ್ಕದ ಮನೆಗಳಿಗೆ ಇನ್ನೂ ಜನ ಬಂದಿರಲಿಲ್ಲ. ಸಂಜೆ ಒಲೆ ಹಚ್ಚಿ, ಒಬ್ಬನಿಗಾಗುವಷ್ಟು ಅನ್ನ ಬೇಯಿಸಿಕೊಂಡು, ಗೋಡೆ ನೋಡುತ್ತಾ ಉಣ್ಣುತ್ತಿದ್ದೆ. ಅವಳಿಗೆ ನಾನು ಬೇಡವಾದೆನೇನೋ ಎಂದು ಭಯವಾಗುತ್ತಿತ್ತು.

ಸುಮ್ಮನಿರಲಾರದೆ ಅವಳಿಗೊಂದು ಬಾಚಣಿಗೆ ಮಾಡಲು ಕೂತೆ. ಗೌರಿಯದು ಮೊಣಕಾಲು ಮುಟ್ಟುವ ಕೂದಲು, ಒಂದು ಸುರುಳಿಯೂ ಇಲ್ಲದೆ ನೆಟ್ಟಗೆ ಇಳಿಯುತ್ತಿತ್ತು. ಅಂಗಡಿ ಬಾಚಣಿಗೆಯ ಹಲ್ಲು ಅದಕ್ಕೆ ತಡೆಯುತ್ತಿರಲಿಲ್ಲ. ಬೀಟೆ ಮರದ ತುಂಡೊಂದನ್ನು ತಂದು, ಮರದ ಎಳೆ ನೋಡಿಕೊಂಡು ಸಣ್ಣ ಗರಗಸದಲ್ಲಿ ಒಂದೊಂದೇ ಹಲ್ಲು ಬಿಡಿಸಿದೆ. ಉಜ್ಜಿ, ಎಣ್ಣೆ ಕುಡಿಸಿ, ಗೋಡೆಯ ಗೂಡಿನಲ್ಲಿಟ್ಟೆ.

ಮರುದಿನ ಕೆಲಸ ಮುಗಿಸಿ ಬಂದು ಬೀಗ ತೆಗೆದೆ. ಇನ್ನೂ ಬೆಳಕಿತ್ತು. ಬಾಚಣಿಗೆಯ ಹಲ್ಲುಗಳ ನಡುವೆ ಕೂದಲು ಸಿಕ್ಕಿಕೊಂಡಿತ್ತು. ಒಂದೆಳೆ ಹಿಡಿದು ಎಳೆದರೆ ಬರುತ್ತಲೇ ಹೋಯಿತು. ಗೌರಿಯ ಕೂದಲಿನಷ್ಟೇ ಉದ್ದ, ಅಷ್ಟೇ ನೆಟ್ಟಗೆ. ಸೀಗೆಕಾಯಿಯ ವಾಸನೆ ಇತ್ತು, ತೇವ ಇನ್ನೂ ಆರಿರಲಿಲ್ಲ. ಕಿಟಕಿಗಳ ಚಿಲಕ ಹಾಕಿದ ಹಾಗೇ ಇತ್ತು. ಬೀಗದ ಕೈ ಇದ್ದದ್ದು ಒಂದೇ, ಅದು ನನ್ನ ಜೇಬಿನಲ್ಲಿತ್ತು. ಹೆದರಿಕೆಯಾಗಬೇಕಿತ್ತು, ಆದರೆ ನನಗಾದದ್ದು ಸಂತೋಷ. ಗೌರಿ ಬಂದು ಹೋಗಿದ್ದಾಳೆ ಅನ್ನಿಸಿತು. ಹೇಗೆ ಬಂದಾಳು ಎಂದು ಯೋಚಿಸಲೂ ಇಲ್ಲ.

ತಲೆ ಬಾಚಿದ ಮೇಲೆ ಬಾಚಣಿಗೆಗೆ ಬಂದ ಕೂದಲನ್ನು ಉಂಡೆ ಸುತ್ತಿ, ಥೂ ಎಂದು ಉಗಿದು ಎಸೆಯುವುದು ನಮ್ಮ ಹೆಂಗಸರ ಪದ್ಧತಿ. ಹಾಗೇ ಬಿಟ್ಟರೆ ಮನೆಗೆ ಒಳ್ಳೆಯದಲ್ಲವಂತೆ. ನನಗೆ ಎಸೆಯಲು ಮನಸ್ಸು ಬರಲಿಲ್ಲ. ಕೂದಲ ಸಮೇತ ಬಾಚಣಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಭಾನುವಾರ ಬೆಳಿಗ್ಗೆ ಮೈಸೂರು ಕಡೆಯ ರೈಲು ಹತ್ತಿ ಕೆಂಗೇರಿಯಲ್ಲಿ ಇಳಿದೆ.

ಗೌರಿ ಒಳಕೋಣೆಯಲ್ಲಿ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ನಾನು ಟವೆಲು ಬಿಚ್ಚಿ ಮುಂದಿಟ್ಟೆ. ತುಂಬ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಸಿದಳು. ಜ್ವರದಲ್ಲಿ ಕೂದಲೆಲ್ಲ ಉದುರಿಹೋಗಿ, ನೆತ್ತಿ ಕಾಣುತ್ತಿತ್ತು. ಅದನ್ನು ನನಗೆ ತೋರಿಸಲಾರದೆಯೇ ಬರಬೇಡಿ ಎಂದಿದ್ದಳು.

"ಯಾರ್ರೀ ಅವ್ಳು?" ಅಂದಳು.

"ನಿಂದೇ ಕಣೇ. ನಿಂದೇ ಅಂದ್ಕೊಂಡು ತಂದೆ."

"ನನ್ ತಲೆ ನೋಡ್ಬಿಟ್ಟೂ ಹಂಗಂತೀರಾ?"

ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. ಅವತ್ತೇ ಬಟ್ಟೆ ಗಂಟು ಕಟ್ಟಿ ನನ್ನ ಜೊತೆ ಹೊರಟಳು. ನನ್ನನ್ನು ನಂಬಿ ಹೊರಟವಳಲ್ಲ, ತನ್ನ ಮನೆಯನ್ನು ಇನ್ನೊಬ್ಬಳಿಗೆ ಬಿಟ್ಟುಕೊಡಲಾರದೆ ಹೊರಟವಳು. ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದಳು.

ಆಮೇಲೆ ಮಕ್ಕಳಾದವು, ಮೊಮ್ಮಕ್ಕಳಾದವು. ಈಗಲೂ ಒಮ್ಮೊಮ್ಮೆ ಊಟ ಬಡಿಸುತ್ತಾ ಕೇಳುತ್ತಾಳೆ, "ಇಬ್ರಿಗೂ ವಯಸ್ಸಾಯ್ತಲ್ರೀ, ಈಗ ಕೋಪ ಮಾಡ್ಕೊಳಲ್ಲ. ಹೇಳ್ಬಿಡಿ, ಯಾರು?" ನಗುತ್ತಲೇ ಕೇಳುತ್ತಾಳೆ. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾಳೆ. ಆಣೆ ಇಟ್ಟೂ ಇಟ್ಟೂ ನನಗೆ ಸಾಕಾಗಿದೆ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಒಂದು ಹೆಸರು ಗೊತ್ತಿದ್ದಿದ್ದರೆ ಯಾವತ್ತೋ ಹೇಳಿ, ಅವಳ ಕಾಲು ಹಿಡಿದಾದರೂ ಮುಗಿಸಿಬಿಡುತ್ತಿದ್ದೆ.