ಸತ್ತ ಮೊಟ್ಟೆ ಹುಡುಕುವ ಶೇವಂತಾ ಮಾವಶಿ

ಬೆಳಗಿನ ಆರು ಗಂಟೆ. ಪುಣೆಯ ಹೊರವಲಯದ ಸಂಶೋಧನಾಲಯದಲ್ಲಿ ಒಂದೇ ಕೋಣೆಯ ದೀಪ ಉರಿಯುತ್ತಿದೆ. ಶೇವಂತಾ ಗುರವ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಪುಟ್ಟ ತಟ್ಟೆಯೊಂದನ್ನು ಮೆಲ್ಲಗೆ ತಿರುಗಿಸುತ್ತಿದ್ದಾರೆ. ಮೊಟ್ಟೆಗಳೆಲ್ಲ ಒಡೆದು ಮರಿಹುಳಗಳು ಹರಿದಾಡುತ್ತಿವೆ. "ಇದರಲ್ಲೂ ಎಲ್ಲಾ ಬದುಕಿವೆ" ಎಂದು ನಿಟ್ಟುಸಿರು ಬಿಡುತ್ತಾರೆ.

"ಮಾವಶಿ, ಪೋಹೆ ಆರಿಹೋಯ್ತು" ಎನ್ನುತ್ತಾಳೆ ಅವಲಕ್ಕಿಯ ಡಬ್ಬಿ ಹಿಡಿದ ಸಂಶೋಧಕಿ ಕೇತಕಿ. ಇಲ್ಲಿ ಎಲ್ಲರಿಗೂ ಶೇವಂತಾ ಮಾವಶಿ, ಅಂದರೆ ಚಿಕ್ಕಮ್ಮ.

"ನೀನು ತಿನ್ನು. ಪಿಎಚ್‌ಡಿ ನಿಂದು, ಹಸಿವೂ ನಿಂದೇ ಇರ್ಲಿ."

ಒಂದು ಮಿಲಿಮೀಟರ್ ಉದ್ದದ ಈ ಹುಳದ ಚರ್ಮದಲ್ಲಿ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುವುದು ಕೆಲವು ಪ್ರೋಟೀನುಗಳು. ಮೊಟ್ಟೆಯೊಳಗೆ ಭ್ರೂಣ ನಾಲ್ಕು ಪಟ್ಟು ಉದ್ದವಾಗುವಾಗ ಎಳೆತವೆಲ್ಲ ಆ ಬೆಸುಗೆಗಳ ಮೇಲೆ. ಹತ್ತೊಂಬತ್ತು ವರ್ಷಗಳ ಹಿಂದೆ ಇಲ್ಲಿ ಸಿಕ್ಕ ತಳಿಯೊಂದರಲ್ಲಿ ಅಂಥ ಒಂದು ಪ್ರೋಟೀನಿಗೆ ದೋಷ. ದೋಷ ಹೊತ್ತ ತಾಯಿ ಚೆನ್ನಾಗಿಯೇ ಇರುತ್ತದೆ. ಅದರ ಮರಿಗಳಲ್ಲಿ ನಾಲ್ಕಕ್ಕೊಂದು ಮೊಟ್ಟೆಯಲ್ಲೇ ಬಿರಿದು ಸಾಯುತ್ತದೆ. ಬದುಕಿದವುಗಳಲ್ಲಿ ಯಾವುದು ದೋಷ ಹೊತ್ತಿದೆ ಎಂದು ತೋರಿಸುವುದು ಅದು ಇಟ್ಟ ಸತ್ತ ಮೊಟ್ಟೆಗಳೇ; ಅವು ಇರುವ ತಟ್ಟೆಯನ್ನೇ ಆರಿಸಿ ಬೆಳೆಸಿದರೆ ಮಾತ್ರ ತಳಿ ಉಳಿಯುತ್ತದೆ. ದಿನಕ್ಕೆ ಇನ್ನೂರು ತಟ್ಟೆ ನೋಡಿ ಅದನ್ನು ಉಳಿಸಿದವರು, ಏಳನೇ ತರಗತಿಗೆ ಶಾಲೆ ಬಿಟ್ಟು, ಗಾಜಿನ ಸಾಮಾನು ತೊಳೆಯಲು ಇಲ್ಲಿಗೆ ಬಂದ ಶೇವಂತಾ.

"ನನ್ನ ಮೊದಲನೇದು ಹೊಟ್ಟೇಲೇ ಹೋಯ್ತು. ಆಮೇಲೆ ಊರಲ್ಲಿ ಯಾರ ಸೀಮಂತಕ್ಕೂ ನನ್ನ ಕರೀತಿರ್ಲಿಲ್ಲ. ಇಲ್ಲಿ ಬಂದ್ರೆ, ಮಕ್ಕಳು ಸತ್ತ ತಾಯಿನೇ ಜೋಪಾನ ಮಾಡು ಅಂದ್ರು. ಬೇರೆ ಕೆಲಸ ಹುಡುಕ್ಲೇ ಇಲ್ಲ."

ಮಾರ್ಚ್‌ನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಅವರು ಹದಿನೈದು ದಿನ ಮನೆಯಲ್ಲಿದ್ದರು. ಬದಲಿಗೆ ಬಂದವನು ಸತ್ತ ಮೊಟ್ಟೆಗಳಿದ್ದ ತಟ್ಟೆಗಳನ್ನು ಕೆಟ್ಟವೆಂದು ಎಸೆದು, ಚೊಕ್ಕವಾದವನ್ನೇ ಬೆಳೆಸಿದ.

"'ಮಾವಶಿ, ಒಂದೂ ಸತ್ತಿಲ್ಲ ನೋಡಿ' ಅಂತ ಖುಷಿಯಿಂದ ತೋರಿಸ್ದ. ಏನಂತ ಬೈಲಿ? ಅಚ್ಚುಕಟ್ಟಿನವನು ಪಾಪ."

ಈ ತಳಿಯ ಹೆಪ್ಪುಗಟ್ಟಿಸಿಟ್ಟಿದ್ದ ಮಾದರಿಗಳು ಕಳೆದ ವರ್ಷದ ಬೇಸಿಗೆಯಲ್ಲೇ ಕರೆಂಟು ಹೋಗಿ ಹಾಳಾಗಿದ್ದವು. ಈ ತಳಿ ಬೇರೆಲ್ಲೂ ಇಲ್ಲ. ಕೇತಕಿಯ ನಾಲ್ಕು ವರ್ಷದ ಕೆಲಸ ನಿಂತಿರುವುದೂ ಇದರ ಮೇಲೆಯೇ. ತಂಪುಪೆಟ್ಟಿಗೆಯ ಮೂಲೆಯಲ್ಲಿ ಆರು ತಿಂಗಳ ಹಳೆಯ, ಒಣಗಿದ ತಟ್ಟೆಯೊಂದು ಸಿಕ್ಕಿತು. ಆಹಾರ ಕೊಟ್ಟಾಗ ಹನ್ನೊಂದು ಹುಳ ಚೇತರಿಸಿಕೊಂಡವು. ಒಂದೊಂದನ್ನೂ ಬೇರೆ ತಟ್ಟೆಗೆ ಬಿಟ್ಟರು. ಹತ್ತು ಹುಳಗಳ ಮರಿಗಳೆಲ್ಲ ಬದುಕಿವೆ. ಹನ್ನೊಂದನೆಯದು ಇನ್ನೂ ಮೊಟ್ಟೆ ಇಟ್ಟಿಲ್ಲ. ತಿಂಗಳ ಕೊನೆಗೆ ಶೇವಂತಾ ನಿವೃತ್ತರಾಗುತ್ತಾರೆ.

"ಖಂಡೋಬನಿಗೆ ದಿನಾ ಕೈ ಮುಗಿದು, ಎಲ್ಲರ ಮಕ್ಕಳೂ ಬದುಕ್ಲಿ ಅಂತ ಬೇಡ್ಕೊಂಡವಳು ನಾನು. ಈಗ ನಾಲ್ಕರಲ್ಲಿ ಒಂದು ಸಾಯ್ಲಿ ಅಂತ ಹೇಗೆ ಕೇಳ್ಲಿ? ಬಾಯಿ ಬರಲ್ಲ. ಅದು ಮೊಟ್ಟೆ ಇಡೋವರೆಗೂ ಸುಮ್ನೆ ಕೂತಿರ್ತೀನಿ."