ವಿಂಚ್ ಮೇಸ್ತ್ರಿಯ ಕಾವಲಿ

ಮೊನ್ನೆ ಟ್ರ್ಯಾಕ್ಟರಿಗೆ ಫಿಲ್ಟರ್ ಹುಡುಕಲೆಂದು ಶೆಡ್ಡಿನ ಅಟ್ಟ ಹತ್ತಿದವಳಿಗೆ ಗೋಣಿಯಲ್ಲಿ ಸುತ್ತಿಟ್ಟ ಕಬ್ಬಿಣದ ಕಾವಲಿಯೊಂದು ಸಿಕ್ಕಿತು. ದೋಸೆ ಹೊಯ್ಯುವ ಕಾವಲಿಯೇ. ಆದರೆ ಮೂಸಿದರೆ ತೆಂಗಿನೆಣ್ಣೆಯ ವಾಸನೆ ಇಲ್ಲ, ಸುಟ್ಟ ಯಂತ್ರದೆಣ್ಣೆಯ ಘಾಟು. ಅದು ಮೂಗಿಗೆ ಬಿದ್ದದ್ದೇ ತಡ, ಬಂದ ಕೆಲಸ ಮರೆತು ಏಣಿಯ ಮೇಲೆಯೇ ಕುಳಿತುಬಿಟ್ಟೆ. ಹತ್ತು ವರ್ಷ ಕಳೆದರೂ ಆ ಎರಡು ದಿನಗಳನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಕಾವಲಿ ವಿಂಚ್ ಮೇಸ್ತ್ರಿಯದು. ಊರಿಗೆಲ್ಲ ಅವರು ಗೊತ್ತಿದ್ದದ್ದೇ ಆ ಹೆಸರಿನಲ್ಲಿ. ಬಂದರಿನ ಧಕ್ಕೆಯಲ್ಲಿ ಮೀನಿನ ಬೋಟುಗಳ ವಿಂಚ್, ಅಂದರೆ ಬಲೆ ಎಳೆಯುವ ರಾಟೆ, ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡವರು. ಬೋಟು ಹತ್ತಿ ಇಳಿಯಲು ಮೊಣಕಾಲು ಒಪ್ಪದಾದಾಗ ಕೂಳೂರಿನ ಸೇತುವೆಗೆ ಹತ್ತಿರ ಒಂದು ತಗಡಿನ ಶೆಡ್ಡು ಹಾಕಿಕೊಂಡರು. ಎಣ್ಣೆಯ ಒತ್ತಡದಿಂದ ಎತ್ತುವ, ಎಳೆಯುವ ಯಾವ ಯಂತ್ರ ಕೆಟ್ಟರೂ ಅವರ ಅಂಗಳಕ್ಕೆ ಬರುತ್ತಿತ್ತು. ಬೋಟಾದರೇನು, ಟ್ರ್ಯಾಕ್ಟರಾದರೇನು, ಎಣ್ಣೆಯ ಹಟ ಒಂದೇ ಎನ್ನುತ್ತಿದ್ದರು.

ನಮ್ಮ ಗದ್ದೆ ಹೊಳೆಗೆ ತಾಗಿಕೊಂಡೇ ಇರುವುದು. ಅದರ ಮೂರು ಕಡೆಯ ಗದ್ದೆಗಳೂ ಆಗಲೇ ಮಣ್ಣು ತುಂಬಿಸಿಕೊಂಡು ಗೋಡೌನು, ಲಾರಿ ನಿಲ್ಲಿಸುವ ಜಾಗ ಆಗಿಹೋಗಿದ್ದವು. ದುಬೈಯಲ್ಲಿದ್ದ ಅಣ್ಣನಿಗೆ ನಮ್ಮದನ್ನೂ ತುಂಬಿಸುವ ಆಸೆ. ನನಗೆ ಬಿಡಲು ಮನಸ್ಸಿಲ್ಲ. ಜಗಳವಾಡಿ ಸುಸ್ತಾಗಿ ಕೊನೆಗೊಂದು ಒಪ್ಪಂದಕ್ಕೆ ಬಂದೆವು. ನಾನು ಬೇಸಾಯ ನಡೆಸುವಷ್ಟು ಕಾಲ ಗದ್ದೆ ಗದ್ದೆಯಾಗಿಯೇ ಇರಬೇಕು; ಒಂದೇ ಒಂದು ಬೆಳೆ ತಪ್ಪಿದರೂ ಮಣ್ಣಿನ ಲಾರಿ ಬರಬೇಕು, ನಾನು ಬಾಯಿ ಮುಚ್ಚಿಕೊಂಡಿರಬೇಕು. ಗೋಡೌನುಗಳ ನಡುವಿನ ಓಣಿಯಲ್ಲಿ ದೊಡ್ಡ ಟ್ರ್ಯಾಕ್ಟರ್ ಹಿಡಿಯುವುದಿಲ್ಲ. ಅದಕ್ಕೆಂದೇ ಈ ಸಣ್ಣ ಟ್ರ್ಯಾಕ್ಟರ್ ತಂದಿದ್ದೆ. ಊರಿನವರಿಗೆ ಅದೊಂದು ಆಟಿಕೆ, ನನಗೆ ಜೀವ.

ಆ ವರ್ಷ ಆಯುಧಪೂಜೆ ಕಳೆದು ವಾರವಾಗಿತ್ತು. ಸುಗ್ಗಿ ಬೆಳೆಗೆ ನೇಜಿ, ಅಂದರೆ ಭತ್ತದ ಸಸಿ, ಎದ್ದು ನಿಂತಿತ್ತು, ಇನ್ನು ನಾಲ್ಕೈದು ದಿನದಲ್ಲಿ ನಾಟಿ ಆಗಲೇಬೇಕು. ಸರಿಯಾಗಿ ಆಗಲೇ ಟ್ರ್ಯಾಕ್ಟರಿನ ಹಿಂದಿನ ಲಿಫ್ಟ್ ಕೈಕೊಟ್ಟಿತು. ಮಣ್ಣು ಕಲಸುವ ರೋಟವೇಟರನ್ನು ಅರ್ಧ ಎತ್ತುವಷ್ಟರಲ್ಲಿ ಗಡಗಡ ನಡುಗಿ ನಿಂತುಬಿಡುತ್ತಿತ್ತು. ಮೊದಲು ಬಂದ ಮೆಕ್ಯಾನಿಕ್ ಬಗ್ಗಿ ನೋಡುವ ಮೊದಲೇ ತೀರ್ಪು ಕೊಟ್ಟ. ಪಂಪ್ ಹೋಗಿದೆಯಂತೆ, ಹೊಸದು ಬರಲು ಮೂರು ವಾರವಂತೆ. ಮೂರು ವಾರಕ್ಕೆ ನನ್ನ ನೇಜಿ ದನದ ಮೇವಾಗುತ್ತದೆ! ರೋಟವೇಟರನ್ನು ಸರಪಳಿಯಿಂದ ಬಿಗಿದು ನಾನೇ ಓಡಿಸಿಕೊಂಡು ಮೇಸ್ತ್ರಿಯ ಅಂಗಳಕ್ಕೆ ಹೋದೆ.

ಅವರ ಪದ್ಧತಿಯೇ ಬೇರೆ. ತಾವು ಸ್ಪ್ಯಾನರ್ ಮುಟ್ಟುವ ಮೊದಲು ಗಾಡಿಯ ಯಜಮಾನರ ಕೈಯಿಂದಲೇ ಎಲ್ಲ ಪರೀಕ್ಷೆ ಮಾಡಿಸುತ್ತಿದ್ದರು. ನನ್ನಿಂದ ಲಿಫ್ಟನ್ನು ಆದಷ್ಟು ಎತ್ತಿಸಿದರು, ಇಂಜಿನ್ ಬಂದ್ ಮಾಡಿಸಿದರು, ಅಪಾಯ ಬೇಡವೆಂದು ಒಂದು ಗೇಣು ಕೆಳಗೆ ಮರದ ದಿಮ್ಮಿ ಇಡಿಸಿದರು. ಆಮೇಲೆ ಚಹಾ ತರಿಸಿ ಕುಡಿಯುತ್ತಾ ಕುಳಿತರು. ನನಗೋ ತಲೆ ಬಿಸಿ. ಗದ್ದೆ ಹೋಗುತ್ತಿದೆ, ಇವರಿಗೆ ಚಹಾ! ಕಾಲು ಗಂಟೆ ಕಳೆಯಿತು. ರೋಟವೇಟರ್ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಮೇಸ್ತ್ರಿ ಗ್ಲಾಸು ಕೆಳಗಿಟ್ಟು ತೊಡೆ ತಟ್ಟಿದರು.

"ಕಂಡಿತಾ ಅಕ್ಕ? ಹಿಡ್ಕೊಳ್ಳುವ ಶಕ್ತಿ ಉಂಟು, ಎತ್ತುವ ಶಕ್ತಿ ಇಲ್ಲ, ಅಂದ್ರೆ ಲಿಫ್ಟಿನ ಒಳಗೆ ಎಣ್ಣೆ ಸೋರುವುದಿಲ್ಲ. ಅರ್ಧ ರೋಗ ಇಲ್ಲಿಯೇ ಕಳೀತು. ಇನ್ನು ಎಣ್ಣೆ ಎಂತ ಹೇಳ್ತದೆ ನೋಡುವ."

ಸೀಟಿನ ಕೆಳಗಿನ ಅಳತೆ ಕಡ್ಡಿ ಎಳೆದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗೆ ಗಾಳಿ ಸೇರಿದರೂ ಎಣ್ಣೆ ಬಿಳಿಚುತ್ತದೆ, ನೀರು ಸೇರಿದರೂ ಬಿಳಿಚುತ್ತದೆ, ಬರೀ ಕಣ್ಣನ್ನು ನಂಬಬಾರದು ಎಂದು ಹೇಳಿ ಸೀಮೆಎಣ್ಣೆಯ ಸ್ಟೌ ಹಚ್ಚಿದರು. ಗೋಡೆಯ ಮೊಳೆಯಿಂದ ಈ ಕಾವಲಿ ಇಳಿಯಿತು. ಕಾದ ಕಾವಲಿಯ ಮೇಲೆ ನನ್ನಿಂದಲೇ ಒಂದು ಹನಿ ಬಿಡಿಸಿದರು. ಚಟಪಟಚಟ! ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಹನಿ ಸಿಡಿಯಿತು. ನಾನು ಹಿಂದಕ್ಕೆ ಹಾರಿದೆ, ಅವರು ಮಗುವಿನಂತೆ ಚಪ್ಪಾಳೆ ತಟ್ಟಿದರು.

"ಗಾಳಿ ಆದ್ರೆ ಸುಮ್ಮನೆ ಹೊಗೆ ಬರ್ತದೆ. ಇದು ನೀರು. ನೀವು ಎಂತ ಮಾಡಿದ್ದು, ಹೇಳಿ?"

"ನಾನು ಎಂತ ಮಾಡ್ಲಿಲ್ಲಪ್ಪ," ಎಂದೆ, ಮುಖ ಆಚೆ ತಿರುಗಿಸಿ.

ಅವರು ಬಾನೆಟ್ಟಿನ ಮೇಲಿನ ಕುಂಕುಮವನ್ನು, ಒಣಗಿದ ಸೇವಂತಿಗೆ ಮಾಲೆಯನ್ನು ಬೆರಳಿನಿಂದ ತೋರಿಸಿ ನಕ್ಕರು. ನಾನು ನೀರಾಗಿ ಹೋದೆ. ಪೂಜೆಯ ಹಿಂದಿನ ದಿನ ಸರ್ವಿಸ್ ಸ್ಟೇಷನ್ನಿನಲ್ಲಿ ಜೋರು ನೀರಿನ ಪೈಪನ್ನು ಹುಡುಗರ ಕೈಯಿಂದ ಕಿತ್ತುಕೊಂಡು, ಸೀಟಿನ ಕೆಳಗಿನ ಕೆಸರು ಹೋಗಲಿಲ್ಲವೆಂದು ಸರಿಯಾಗಿ ಆ ಕಡ್ಡಿಯ ಬಾಯಿಗೇ ಹೊಡೆದವಳು ನಾನೇ. ಭಕ್ತಿ ಹೆಚ್ಚಾಗಿತ್ತು. ಮಾಡಿದ್ದುಣ್ಣೋ ಮಹಾರಾಯ!

"ನಾಚಿಕೆ ಎಂತಕ್ಕೆ ಮಾರಾಯ್ರೆ? ಪೂಜೆ ಕಳೆದ ವಾರ ನನ್ನ ಅಂಗಳದಲ್ಲಿ ಜಾಗ ಇರುವುದಿಲ್ಲ. ಎಲ್ಲರೂ ನಿಮ್ಮ ಹಾಗೇ, ಏನೂ ಮಾಡಿದವರೇ ಅಲ್ಲ."

ಅವತ್ತು ಸಂಜೆಯೊಳಗೆ ಹಳೆಯ ಎಣ್ಣೆ ಪೂರ್ತಿ ಇಳಿಸಿ, ಒಳಗೆಲ್ಲ ತೊಳೆದು, ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದರು. ಮರುದಿನ ಬೆಳಿಗ್ಗೆ ನಾನು ಕುಣಿಯುತ್ತಲೇ ಹೋದೆ. ಇಂಜಿನ್ ಶುರು ಮಾಡಿ ಲಿವರ್ ಎಳೆದೆ. ರೋಟವೇಟರ್ ಎದ್ದಿತು... ಅರ್ಧಕ್ಕೆ ಬಂದು ನಡುಗಿ ನಿಂತಿತು. ಸಾಲದ್ದಕ್ಕೆ ಒಳಗಿಂದ ಸಣ್ಣಗೆ ಕುಂಯ್ ಎಂದು ಒಂದು ಹೊಸ ಸ್ವರ. ಅದೇ ಹೊತ್ತಿಗೆ ಅಣ್ಣನ ಫೋನ್. "ಎಂತಾಯ್ತು? ಲಾರಿಯವನಿಗೆ ಹೇಳ್ಲಿಕ್ಕಾ?" ಸಂಜೆ ಹೇಳ್ತೇನೆ ಎಂದು ಇಟ್ಟುಬಿಟ್ಟೆ. ಕಣ್ಣಲ್ಲಿ ನೀರು ಬಂದಿತ್ತು. ಪಂಪ್ ನಿಜವಾಗಿಯೂ ಹೋಗಿದೆ ಎಂದೇ ನಂಬಿದೆ.

ಮೇಸ್ತ್ರಿ ತಲೆ ವಾರೆ ಮಾಡಿ ಆ ಸ್ವರ ಕೇಳಿದರು. ಅವರ ಮುಖ ಬಾಡಬೇಕಿತ್ತು, ಆದರೆ ಅರಳಿತು! ಒಂದು ಮುಷ್ಟಿ ಗ್ರೀಸ್ ನನ್ನ ಅಂಗೈಗೆ ಹಾಕಿದರು. ಪಂಪಿಗೆ ಎಣ್ಣೆ ಹೀರಿಕೊಳ್ಳುವ ಪೈಪಿನ ಒಂದೊಂದೇ ಜಾಯಿಂಟಿಗೆ ಮೆತ್ತುತ್ತಾ ಹೋಗಿ, ಎಲ್ಲಿ ಸ್ವರ ನಿಲ್ತದೋ ಅಲ್ಲಿ ಕಳ್ಳ ಇದ್ದಾನೆ ಎಂದರು. ಮೊದಲನೆಯ ಜಾಯಿಂಟ್, ಸ್ವರ ನಿಲ್ಲಲಿಲ್ಲ. ಎರಡನೆಯದು, ಇಲ್ಲ. ಫಿಲ್ಟರಿನ ಬುಡಕ್ಕೆ ಗ್ರೀಸ್ ಒತ್ತಿದೆ... ಕುಂಯ್ ಎನ್ನುವುದು ಥಟ್ಟನೆ ನಿಂತಿತು. ಮೇಸ್ತ್ರಿ ಲಿವರ್ ಎಳೆದರು. ರೋಟವೇಟರ್ ನಡುಗದೆ, ನಿಲ್ಲದೆ, ಮೇಲಿನ ತನಕ ಎದ್ದು ನಿಂತಿತು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಾನು ಕೂಗಿದೆ. ಜೀವಮಾನದಲ್ಲಿ ಅಷ್ಟು ಖುಷಿಪಟ್ಟದ್ದು ಕಡಿಮೆ. ಹುಡುಕಿದವಳು ನಾನು, ನನ್ನ ಕೈ!

ಇಂಜಿನ್ ನಿಲ್ಲಿಸಿ ಫಿಲ್ಟರ್ ಬಿಚ್ಚಿದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ, ಕಂಡದ್ದು ಬಳೆಯಷ್ಟು ಗಾತ್ರದ ಒಂದು ರಬ್ಬರ್ ರಿಂಗ್. ಒಂದು ಕಡೆ ಮಡಚಿಕೊಂಡು ಹರಿದಿತ್ತು, ಆ ಸಂದಿಯಿಂದ ಪಂಪ್ ಗಾಳಿ ಹೀರುತ್ತಿತ್ತು. ಹಿಂದಿನ ಸಂಜೆ ಅದನ್ನು ಕೂರಿಸಿದವರು ಸ್ವತಃ ಮೇಸ್ತ್ರಿ. ಸುಮ್ಮನೆ ಜೇಬಿಗೆ ಹಾಕಿಕೊಂಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವರು ಎದ್ದು ನಿಂತು, ರಿಂಗನ್ನು ಮೇಲಕ್ಕೆ ಹಿಡಿದು, ಅಲ್ಲಿದ್ದ ಲಾರಿಯವರು, ಗಿರಾಕಿಗಳು, ಚಹಾದವನು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ತಪ್ಪು ನನ್ನದು! ರಿಂಗಿಗೆ ಎಣ್ಣೆ ಸವರದೆ ಒಣಗಿದ್ದನ್ನೇ ಕೂರಿಸಿದೆ."

ಹೇಳಿ ನಕ್ಕರು, ಬೇರೆ ರಿಂಗ್ ತೆಗೆದು ಬೆರಳಿನಿಂದ ಎಣ್ಣೆ ಸವರತೊಡಗಿದರು. ಹಿಂದಿನ ದಿನ ಪೈಪಿನ ನೀರಿನ ವಿಷಯಕ್ಕೆ ಮುಖ ತಿರುಗಿಸಿದ್ದ ನನಗೆ ಕೆನ್ನೆ ಬಿಸಿಯಾಯಿತು. ಅಷ್ಟು ವರ್ಷದ ಹೆಸರನ್ನು ಅಷ್ಟು ಜನರ ಎದುರು ಅಷ್ಟು ಸಲೀಸಾಗಿ ಕೆಳಗಿಟ್ಟವರನ್ನು ನಾನು ಆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅವತ್ತು ಮಧ್ಯಾಹ್ನವೇ ಗದ್ದೆಗೆ ಇಳಿದೆ. ಮೂರನೆಯ ದಿನ ನಾಟಿ ಮುಗಿಯಿತು. ಅಣ್ಣನಿಗೆ ಹಸಿರು ಗದ್ದೆಯ ಫೋಟೋ ಕಳಿಸಿದೆ. ಮಣ್ಣಿನ ಲಾರಿ ಬರಲಿಲ್ಲ.

ಮೇಸ್ತ್ರಿ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಶೆಡ್ಡು ಇದ್ದಲ್ಲಿ ಈಗ ಟಯರ್ ಅಂಗಡಿ ಉಂಟು. ಕಾವಲಿಯನ್ನು ಅವರ ಹೆಂಡತಿಯೇ ನನಗೆ ಕೊಟ್ಟದ್ದು, "ಇದರಲ್ಲಿ ಇನ್ನು ದೋಸೆ ಆಗುವುದಿಲ್ಲ, ನಿಮಗಾದ್ರೆ ಬೇಕಾದೀತು" ಎಂದು. ಆ ದಿನ ಅದನ್ನು ನೋಡಲಾರದೆ ಅಟ್ಟಕ್ಕೆ ಹಾಕಿದ್ದೆ...

ಮೊನ್ನೆ ಇಳಿಸಿದೆ. ನಾಲ್ಕು ದಿನದಿಂದ ಲಿಫ್ಟ್ ಮತ್ತೆ ಕುಂಯ್ ಎನ್ನುತ್ತಾ ನಡುಗುತ್ತಿತ್ತು, ನನ್ನ ಡ್ರೈವರ್ ಪಂಪ್ ಹೋಗಿದೆ ಎಂದು ತೀರ್ಮಾನಿಸಿದ್ದ. ಕಾವಲಿ ಕಾಯಿಸಿ ಬಿಳಿಚಿದ ಎಣ್ಣೆಯ ಒಂದು ಹನಿ ಬಿಟ್ಟೆ. ಸಿಡಿಯಲಿಲ್ಲ, ಸುಮ್ಮನೆ ಹೊಗೆಯಾಡಿತು. ಹಾಗಾದರೆ ನೀರಲ್ಲ, ಗಾಳಿ! ಅದೇ ಹಳೆಯ ಹುರುಪು ಎದೆಗೆ ಏರಿತು, ಗ್ರೀಸ್ ಹಿಡಿದು ಜಾಯಿಂಟುಗಳಿಗೆ ಮೆತ್ತುತ್ತಾ ಹೋದೆ. ಸ್ವರ ನಿಂತದ್ದು ಫಿಲ್ಟರಿನ ಬುಡದಲ್ಲಿ. ಬಿಚ್ಚಿದರೆ ರಿಂಗ್ ಮಡಚಿಕೊಂಡಿತ್ತು, ಒಣಗಿತ್ತು.

"ಇದನ್ನು ಹಾಕಿದ್ದು ಯಾರಕ್ಕ?" ಎಂದು ಡ್ರೈವರ್ ಕೇಳಿದ.

ಹೋದ ವಾರ ಅವಸರದಲ್ಲಿ ಹಾಕಿದವಳು ನಾನು. ಎದ್ದು ನಿಂತು, ಗೋಡೌನಿನವರಿಗೂ ಕೇಳುವ ಹಾಗೆ ಕೂಗಿದೆ. "ತಪ್ಪು ನನ್ನದು!" ಡ್ರೈವರ್ ಬೆಚ್ಚಿಬಿದ್ದ. ನನಗೆ ನಗು ತಡೆಯಲಿಲ್ಲ. ನಗುತ್ತಲೇ ಗ್ರೀಸಿನ ಕೈಯಲ್ಲಿ ಫೋನ್ ತೆಗೆದು ಮೇಸ್ತ್ರಿಯ ನಂಬರು ಒತ್ತಿದ್ದೆ. ಈ ನಂಬರು ಚಾಲ್ತಿಯಲ್ಲಿಲ್ಲ ಎಂದು ಯಾರೋ ಹೇಳುವವರೆಗೂ ಅವರಿಲ್ಲ ಎಂಬುದು ನನಗೆ ನೆನಪಾಗಲಿಲ್ಲ.